ಬೇಲಿ ಬುಡದ ಬಿಳಿ ಹೂ: ಅದು ಚರ್ವಿಲ್ಲೋ, ಹೆಮ್ಲಾಕೋ?

ಪ್ರಶ್ನೆ:

“ಚಳಿ ಇಳಿಯುತ್ತಿದ್ದ ಹಾಗೆ ಎರಡು ಕುಂಡಗಳಲ್ಲಿ ಚರ್ವಿಲ್ ಎಂಬ ಘಮದ ಸೊಪ್ಪಿನ ಬೀಜ ಹಾಕಿದ್ದೆ. ಚೆನ್ನಾಗಿಯೇ ಬಂತು. ಒಂದು ತಿಂಗಳಿಗೂ ಜಾಸ್ತಿ ದಿನ ಆಮ್ಲೆಟ್‌ಗೆ, ಸೂಪ್‌ಗೆ ಚಿವುಟಿ ಹಾಕಿಕೊಂಡೆವು. ಬಿಸಿಲು ಏರಿದ ಮೇಲೆ ಎಲೆಯೆಲ್ಲ ನೇರಳೆಗೆ ತಿರುಗಿತು. ದಂಟು ಎದ್ದು ಹೂ ಬಿಟ್ಟಿತು. ಈಗ ನೋಡಿದರೆ ಹಿತ್ತಿಲ ಬೇಲಿ ಬುಡದಲ್ಲೂ ಅಂಥದೇ ಎಲೆಯ ಗಿಡಗಳು ಸೊಂಟದೆತ್ತರ ನಿಂತಿವೆ. ಹೂ ಕೂಡ ಅದೇ ತರಹ ಬಿಳಿ. ಒಂದು ಗಿಡದ ದಂಟಿನ ಮೇಲೆ ನೇರಳೆ ಚುಕ್ಕೆಗಳಿವೆ. ಗೆಳತಿಯೊಬ್ಬಳು ‘ಇದು ಕಾಡು ಚರ್ವಿಲ್, ತಿನ್ನಬಹುದು’ ಎಂದಳು. ಪಕ್ಕದ ಮನೆಯ ಹಿರಿಯರು ‘ಇದು ಸಾಕ್ರೆಟಿಸ್‌ಗೆ ಕುಡಿಸಿದ ವಿಷ, ನಿಮ್ಮ ಕುಂಡದ್ದೇ ಬೀಜ ಉದುರಿ ಕೆಟ್ಟು ಹೀಗಾಗಿದೆ’ ಎಂದರು. ಎರಡು ವಾರದ ಹಿಂದೆ ನನ್ನ ಆರು ವರ್ಷದ ಮಗ ಬೇಲಿಯ ಗಿಡದ ಎಲೆ ಕಚ್ಚಿ ಉಗಿದಿದ್ದ. ಏನೂ ಆಗಲಿಲ್ಲ. ಆದರೂ ನಿದ್ದೆ ಬರುತ್ತಿಲ್ಲ. ಕುಂಡದ ಗಿಡ ಈಗ ತಿನ್ನಬಹುದೇ? ಕಾಡು ಗಿಡದ ಜೊತೆ ಅದು ಬೆರೆತು ವಿಷವಾಗುತ್ತದೆಯೇ? ಬೀಜದ ಪಟ್ಟಿಯಲ್ಲಿ ‘ಗೆಡ್ಡೆ ಚರ್ವಿಲ್’ ಅಂತ ಇನ್ನೊಂದು ಕಂಡೆ, ಅದೂ ಇದೇ ಗಿಡದ ಬೇರೇ? ಎಲ್ಲವನ್ನೂ ಕಿತ್ತು ಬಿಸಾಡಿಬಿಡಲೇ?”

ಉತ್ತರ:

ಮೊದಲು ಮಗನ ವಿಷಯ. ಎಲೆ ಕಚ್ಚಿ ಎರಡು ವಾರ ಕಳೆದಿದೆ, ಹುಡುಗ ಆಡಿಕೊಂಡಿದ್ದಾನೆ. ನೀವು ಹೆದರುತ್ತಿರುವ ಹೆಮ್ಲಾಕ್‌ನ, ಅಂದರೆ ಪಕ್ಕದ ಮನೆಯವರು ಹೇಳಿದ ಆ ಸಾಕ್ರೆಟಿಸ್ ಗಿಡದ, ವಿಷ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುವಂಥದ್ದಲ್ಲ. ಆಗುವುದಿದ್ದರೆ ಕೆಲವು ಗಂಟೆಗಳಲ್ಲೇ ಗೊತ್ತಾಗುತ್ತಿತ್ತು. ಆ ಚಿಂತೆ ಇಳಿಸಿಬಿಡಿ. ಆದರೆ ‘ಏನೂ ಆಗಲಿಲ್ಲ, ಹಾಗಾದರೆ ಗಿಡ ಒಳ್ಳೆಯದೇ ಇರಬೇಕು’ ಅಂತ ಮಾತ್ರ ಅಂದುಕೊಳ್ಳಬೇಡಿ. ಅವನು ಕಚ್ಚಿದ್ದು ಒಂದು ಚೂರು, ಅದನ್ನೂ ಉಗಿದ. ಇನ್ನೊಮ್ಮೆ ಹೀಗಾದರೆ ಲಕ್ಷಣ ಕಾಣಿಸಲಿ ಅಂತ ಕಾಯಬೇಡಿ. ಬಾಯಿ ತೊಳೆಸಿ, ಗಿಡದ ಒಂದು ದಂಟನ್ನು ಎಲೆ, ಹೂ ಸಮೇತ ಚೀಲಕ್ಕೆ ಹಾಕಿಕೊಂಡು ನೇರ ವೈದ್ಯರ ಹತ್ತಿರ ಹೋಗಿ. ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ.

ಇನ್ನು ಕುಂಡ. ನಿಮ್ಮ ಪತ್ರದಲ್ಲಿ ಕುಂಡದ ಗಿಡ, ಬೇಲಿಯ ಗಿಡ ಎರಡೂ ಗಂಟು ಬಿದ್ದು ಒಂದೇ ಹೆದರಿಕೆಯಾಗಿವೆ. ಬಿಡಿಸಿ ನೋಡಿದರೆ ಕುಂಡದಲ್ಲಿ ಹೆದರುವಂಥದ್ದು ಏನೂ ಇಲ್ಲ.

ಚರ್ವಿಲ್ ತಂಪು ಹವೆಯ ಗಿಡ. ಮೂಲ ಊರು ಕಾಕಸಸ್ ಮತ್ತು ಅದರ ಸುತ್ತಿನ ಪ್ರದೇಶ. ಅಲ್ಲಿಂದ ಯುರೋಪಿನ ಉದ್ದಗಲಕ್ಕೂ ಹರಡಿದ್ದರಲ್ಲಿ ರೋಮನ್ನರ ಪಾಲು ದೊಡ್ಡದು. ಒಂದೇ ಋತುವಿನಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಜಾತಿ. ಹಗಲು ಉದ್ದವಾಗಿ ಬಿಸಿಲು ಏರಿದ ಕೂಡಲೇ ‘ಇನ್ನು ನನ್ನ ಕಾಲ ಮುಗಿಯಿತು’ ಅಂದುಕೊಂಡು ದಂಟು ಎಬ್ಬಿಸುತ್ತದೆ. ಎಲೆ ನೇರಳೆಗೆ ತಿರುಗುವುದೂ ಅದೇ ಒತ್ತಡದಿಂದ. ಬಿಸಿಲು ಜಾಸ್ತಿಯಾದಾಗ, ನೀರು ಸಾಲದಾದಾಗ, ಕೆಲವೊಮ್ಮೆ ಚಳಿ ಹೊಡೆದಾಗಲೂ, ಗಿಡ ಎಲೆಯಲ್ಲಿ ಆಂಥೋಸಯನಿನ್ ಎಂಬ ಬಣ್ಣ ತುಂಬಿಕೊಳ್ಳುತ್ತದೆ. ಕೆಂಪು ಎಲೆಕೋಸಿನಲ್ಲಿ ಇರುವುದೂ ಇದೇ ಗುಂಪಿನ ಬಣ್ಣ. ವಿಷಕ್ಕೂ ಇದಕ್ಕೂ ಸಂಬಂಧವಿಲ್ಲ. ನೇರಳೆ ಎಲೆ ತಿಂದರೆ ತೊಂದರೆ ಇಲ್ಲ, ರುಚಿಯೂ ಇಲ್ಲ ಅಷ್ಟೇ. ಘಮ ಹೋಗಿ ಹುಲ್ಲು ಅಗಿದ ಹಾಗಿರುತ್ತದೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಒಳ್ಳೆಯ ಗಿಡ ‘ಕೆಟ್ಟು’ ವಿಷದ ಗಿಡವಾಗುತ್ತದೆ ಎನ್ನುವ ನಂಬಿಕೆ ನನಗೂ ಬಹಳ ಸಲ ಎದುರಾಗಿದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಳೆದ ವರ್ಷ ಪಾರ್ಸ್ಲಿ ಇದ್ದ ಪಾತಿಯಲ್ಲಿ ಈ ವರ್ಷ ಅದನ್ನೇ ಹೋಲುವ ವಿಷದ ಕಳೆ ಎದ್ದದ್ದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ನೋಡಿದ್ದು ನಿಜ, ಕೊಟ್ಟ ಕಾರಣ ತಪ್ಪು. ಚರ್ವಿಲ್ ಬೀಜದಿಂದ ಹುಟ್ಟುವುದು ಚರ್ವಿಲ್ಲೇ. ಕುಂಡದ ಚರ್ವಿಲ್‌ಗೆ 18 ಕ್ರೋಮೋಸೋಮ್ (ವಂಶಗುಣ ಹೊರುವ ಎಳೆಗಳು), ಬೇಲಿಗಳಲ್ಲಿ ಬೆಳೆಯುವ ಅದರ ಹತ್ತಿರದ ನೆಂಟ ಕೌ ಪಾರ್ಸ್ಲಿಗೆ 16. ಹೆಮ್ಲಾಕ್ ಅಂತೂ ಬೇರೆಯೇ ಕುಲ, ಅದಕ್ಕೆ 22. ಜೇನುನೊಣ ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಒಯ್ದ ಮಾತ್ರಕ್ಕೆ ಚರ್ವಿಲ್ ಹೊಟ್ಟೆಯಲ್ಲಿ ಹೆಮ್ಲಾಕ್ ಹುಟ್ಟುವುದಿಲ್ಲ.

ಹಾಗಾದರೆ ಬೇಲಿಯ ಗಿಡಗಳು ಈ ವರ್ಷವೇ ಎಲ್ಲಿಂದ ಬಂದವು? ಬಹುಶಃ ಅವು ಹೊಸದಾಗಿ ಬಂದವಲ್ಲ. ಅಂಥ ಗಿಡಗಳಲ್ಲಿ ಹಲವು ಎರಡು ವರ್ಷದವು. ಮೊದಲ ವರ್ಷ ನೆಲಕ್ಕೆ ಅಂಟಿಕೊಂಡ ಎಲೆಗುಚ್ಛ, ಎರಡನೇ ವರ್ಷ ದಂಟು, ಹೂ. ಹೋದ ವರ್ಷವೂ ಅವು ನಿಮ್ಮ ಕಾಲ ಹತ್ತಿರ ಇದ್ದಿರಬೇಕು. ನೀವು ಅವನ್ನು ‘ಹುಲ್ಲು’ ಅಂತ ದಾಟಿಕೊಂಡು ಹೋಗಿದ್ದಿರಿ. ಈ ವರ್ಷ ಕುಂಡದಲ್ಲಿ ದಿನವೂ ಚರ್ವಿಲ್ ಎಲೆ ನೋಡಿ ನೋಡಿ ಕಣ್ಣು ಆ ಆಕಾರ ಕಲಿತುಬಿಟ್ಟಿದೆ. ಈಗ ಎಲ್ಲಿ ನೋಡಿದರೂ ಅದೇ ಕಾಣುತ್ತದೆ. ಗಿಡ ಕಲಿಯುವವರಿಗೆಲ್ಲ ಆಗುವ ಅನುಭವ ಇದು. ಅಪಾಯ ಇರುವುದೂ ಇಲ್ಲೇ. ಒಂದು ಎಲೆ ಗೊತ್ತಾದ ಧೈರ್ಯದಲ್ಲಿ ಕೈ ಕುಂಡದಿಂದ ಬೇಲಿಗೆ ಚಾಚುತ್ತದೆ.

ಒಂದೇ ಹೆಸರು, ಐದಾರು ಗಿಡ

ನಿಮ್ಮ ಗೆಳತಿ ‘ಕಾಡು ಚರ್ವಿಲ್’ ಎಂದದ್ದರಲ್ಲಿ ಅವರ ತಪ್ಪಿಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. ಚರ್ವಿಲ್ ಅನ್ನುವ ಹೆಸರು ಹೊತ್ತ ಗಿಡಗಳು ಒಂದಲ್ಲ, ಹಲವು. ಅವುಗಳಲ್ಲಿ ಒಂದೆರಡು ಊಟಕ್ಕೆ, ಒಂದು ದನಕರುಗಳಿಗೂ ಆಗದ್ದು.

ನಿಮ್ಮ ಕುಂಡದ್ದು ಆಂಥ್ರಿಸ್ಕಸ್ ಸೆರಿಫೋಲಿಯಮ್. ಫ್ರೆಂಚರು ಚೈವ್ಸ್, ಪಾರ್ಸ್ಲಿ, ಟ್ಯಾರಗನ್ ಜೊತೆ ಸೇರಿಸಿ ‘ಫೀನ್ ಝೆರ್ಬ್’ ಎಂದು ಕರೆಯುವ ಹಸಿರು ಮಿಶ್ರಣದ ನಾಲ್ಕನೆಯದು ಇದೇ. ಎತ್ತರ ಮೊಣಕಾಲಿಗೆ ಬಂದರೆ ಹೆಚ್ಚು, ಸುಮಾರು 30ರಿಂದ 60 ಸೆಂಟಿಮೀಟರ್. ಎಲೆ ತಿಳಿಹಸಿರು, ಲೇಸಿನಂತೆ ಸೀಳಿದ್ದು, ಮುಟ್ಟಿದರೆ ಮೃದು. ಬೆರಳಲ್ಲಿ ಉಜ್ಜಿದರೆ ಸೋಂಪಿನ ಸಣ್ಣ ಘಮ.

ಅದೇ ಆಂಥ್ರಿಸ್ಕಸ್ ಕುಲದ ಸಿಲ್ವೆಸ್ಟ್ರಿಸ್ ಎಂಬುದೇ ಕೌ ಪಾರ್ಸ್ಲಿ. ಉತ್ತರ ಅಮೆರಿಕದಲ್ಲಿ ಇದನ್ನೇ ವೈಲ್ಡ್ ಚರ್ವಿಲ್ ಎನ್ನುತ್ತಾರೆ. ಅಲ್ಲಿ ಅದು ಹೊರಗಿನಿಂದ ಬಂದು ಹುಲ್ಲುಗಾವಲು ಆಕ್ರಮಿಸಿಕೊಂಡ ಕಳೆ. ಯುರೋಪಿನಲ್ಲಿ ಮಾತ್ರ ಮನೆಮಗಳು. ವಸಂತದ ಕೊನೆಯಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಗಳ ಎರಡೂ ಬದಿಗೆ ಬಿಳಿ ನೊರೆ ಉಕ್ಕಿದ ಹಾಗೆ ಕಾಣುವುದು ಇದರಿಂದಲೇ. ಎಳೆ ಎಲೆ ತಿನ್ನುವವರಿದ್ದಾರೆ. ನಾನು ತಿನ್ನಿ ಎನ್ನುವುದಿಲ್ಲ. ರುಚಿ ಒರಟು, ಕಹಿ. ಬೇರಿನಲ್ಲಿ ಡಿಆಕ್ಸಿಪೋಡೋಫಿಲೋಟಾಕ್ಸಿನ್ ಎಂಬ ವಸ್ತುವಿದೆ. ಕ್ಯಾನ್ಸರ್ ಔಷಧಿ ಎಟೋಪೊಸೈಡ್‌ಗೆ ಮೂಲವಾದ ವಸ್ತುವಿನ ಹತ್ತಿರದ ಸಂಬಂಧಿ ಅದು. ಔಷಧಿ ಕಾರ್ಖಾನೆಗೆ ಬೇಕಾದ್ದು, ಸೂಪಿಗೆ ಬೇಡ.

ಮೂರನೆಯದು ಬರ್ ಚರ್ವಿಲ್. ಚಿಕ್ಕ ಗಿಡ, ಕಾಯಿಯ ಮೇಲೆ ಕೊಕ್ಕೆಯಂಥ ಮುಳ್ಳು, ಕಾಲುಚೀಲಕ್ಕೆ ಅಂಟಿಕೊಂಡು ಬರುತ್ತದೆ. ಅದಕ್ಕಿಂತ ಜಾಸ್ತಿ ಹೇಳುವಂಥದ್ದು ಅದರಲ್ಲಿ ಇಲ್ಲ.

ನಾಲ್ಕನೆಯದನ್ನು ಸ್ವಲ್ಪ ಗಮನಿಸಿ. ರಫ್ ಚರ್ವಿಲ್, ಅಂದರೆ ಒರಟು ಚರ್ವಿಲ್. ಕುಲ ಬೇರೆ, ಕೀರೋಫಿಲಮ್. ಜಾತಿಯ ಹೆಸರು ಟೆಮ್ಯುಲಮ್. ಅದು ಬಂದದ್ದು ಲ್ಯಾಟಿನ್‌ನಲ್ಲಿ ‘ಕುಡಿದು ಅಮಲೇರಿದ’ ಎನ್ನುವ ಪದದಿಂದ. ತಿಂದ ದನ, ಹಂದಿ ತೂರಾಡುವುದರಿಂದ ಆ ಹೆಸರು. ಇದರ ದಂಟು ಒಳಗೆ ಟೊಳ್ಳಲ್ಲ, ಗಟ್ಟಿ. ಮೈಮೇಲೆ ಚುಚ್ಚುವಂಥ ಒರಟು ರೋಮ. ಗಿಣ್ಣಿನ ಕೆಳಗೆ ಊದಿಕೊಂಡಿರುತ್ತದೆ. ದಂಟಿನ ತುಂಬ ನೇರಳೆ ಚುಕ್ಕೆ, ಕೆಲವೊಮ್ಮೆ ಇಡೀ ದಂಟೇ ನೇರಳೆ. ಕೌ ಪಾರ್ಸ್ಲಿ ಹೂ ಮುಗಿಸುವ ಹೊತ್ತಿಗೆ ಇದು ಶುರುಮಾಡುತ್ತದೆ. ನಿಮ್ಮ ಬೇಲಿಯ ಚುಕ್ಕೆ ದಂಟಿನ ಗಿಡ ಇದೂ ಆಗಿರಬಹುದು. ಅದೂ ತಿನ್ನುವ ಗಿಡವಲ್ಲ.

ಐದನೆಯದೇ ನೀವು ಕೇಳಿದ ಗೆಡ್ಡೆ ಚರ್ವಿಲ್. ಇದು ಆ ತೂರಾಡಿಸುವ ಗಿಡದ ಕುಲದ್ದೇ, ಕೀರೋಫಿಲಮ್ ಬಲ್ಬೋಸಮ್. ನಿಮ್ಮ ಕುಂಡದ ಚರ್ವಿಲ್‌ನ ಬೇರಂತೂ ಅಲ್ಲ. ಗೆಡ್ಡೆ ಬೆರಳುದ್ದದ್ದು, ಹೊರಗೆ ಬೂದು ಬಣ್ಣ, ಒಳಗೆ ಹಿಟ್ಟಿನಂತೆ ಬಿಳಿ. ಕಿತ್ತ ಕೂಡಲೇ ಬೇಯಿಸಿದರೆ ಸಪ್ಪೆ. ಕೆಲವು ವಾರ ತಣ್ಣಗಿನ ಜಾಗದಲ್ಲಿ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಅದರ ರುಚಿಯೇ ಬೇರೆ. ಬೆಳೆಯಬಹುದೇ ಅಂದರೆ, ತಾಳ್ಮೆ ಇದ್ದರೆ ಬೆಳೆಯಿರಿ. ಬೀಜ ಮೊಳೆಯಲು ಚಳಿಗಾಲವನ್ನು ತಣ್ಣನೆಯ ಒದ್ದೆ ಮಣ್ಣಿನಲ್ಲಿ ಕಳೆಯಲೇಬೇಕು. ಹಾಗಾಗಿ ಚಳಿಗೆ ಮುಂಚೆ ಬಿತ್ತಬೇಕು. ಇದರ ದಂಟಿನ ಬುಡದಲ್ಲೂ ನೇರಳೆ ಚುಕ್ಕೆ, ಬಿರುಸು ರೋಮ ಇರುತ್ತವೆ. ನೋಡಿ ಗಾಬರಿಯಾಗಬೇಡಿ. ಎಲೆಯನ್ನು ಮಾತ್ರ ತಿನ್ನಬೇಡಿ, ಇದರಲ್ಲಿ ಊಟದ ಭಾಗ ಗೆಡ್ಡೆ ಒಂದೇ. ಕಾಡಿನಲ್ಲಿ ಬೆಳೆದದ್ದನ್ನು ಗೆಡ್ಡೆಯಿಂದ ಗುರುತಿಸಿ ಕೀಳುವ ಯೋಚನೆಯೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇವೆಲ್ಲದರ ಜೊತೆ ಸ್ವೀಟ್ ಸಿಸಿಲಿ ಎಂಬ ಇನ್ನೊಬ್ಬಳು ನೆಂಟಳಿದ್ದಾಳೆ. ನನಗೆ ಬಹಳ ಇಷ್ಟದ ಗಿಡ. ವರ್ಷ ವರ್ಷ ಅದೇ ಬೇರಿನಿಂದ ಚಿಗುರುತ್ತದೆ. ಎಲೆಯ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಮಚ್ಚೆ, ಸೋಂಪಿನ ಗಾಢ ವಾಸನೆ, ಎರಡು ಸೆಂಟಿಮೀಟರ್‌ವರೆಗೂ ಉದ್ದವಾಗುವ ಏಣಿನ ಕಾಯಿ. ಹುಳಿ ರೂಬಾರ್ಬ್ ಬೇಯಿಸುವಾಗ ಇದರ ಎಲೆ ಹಾಕಿದರೆ ಸಕ್ಕರೆ ಕಡಿಮೆ ಸಾಕು. ಚರ್ವಿಲ್‌ನ ಒಂದೇ ಋತುವಿನ ಬಾಳು ನಿಮಗೆ ಬೇಸರ ತಂದಿದ್ದರೆ ಇದನ್ನು ನೆಡಿ.

ಇಷ್ಟೂ ಗಿಡಗಳು ಒಂದೇ ಕುಟುಂಬ, ಏಪಿಯೇಸಿ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಇಂಗು, ಕ್ಯಾರೆಟ್ ಎಲ್ಲ ಇದರದ್ದೇ. ಸುಮಾರು 3,700 ಜಾತಿಗಳಿವೆ. ಹೆಚ್ಚಿನವಕ್ಕೆ ಛತ್ರಿ ಕಡ್ಡಿಯಂತೆ ಒಂದೇ ಬಿಂದುವಿನಿಂದ ಹರಡಿದ ಹೂಗೊಂಚಲು, ಸೀಳು ಸೀಳು ಎಲೆ. ಅಡುಗೆಮನೆಗೆ ಇಷ್ಟು ಕೊಟ್ಟ ಕುಟುಂಬ ಇನ್ನೊಂದು ಸಿಗುವುದು ಕಷ್ಟ. ಇಷ್ಟು ಜನರನ್ನು ಮೋಸದಿಂದ ಕೊಂದದ್ದೂ ಅಷ್ಟೇ.

ಹೆಮ್ಲಾಕ್ ಗುರುತು

ಕೋನಿಯಮ್ ಮ್ಯಾಕ್ಯುಲೇಟಮ್. ಎರಡನೆಯ ಪದದ ಅರ್ಥವೇ ‘ಮಚ್ಚೆಯುಳ್ಳದ್ದು’. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಸಾಕ್ರೆಟಿಸ್‌ಗೆ ಕೊಟ್ಟದ್ದು ಇದರ ರಸ ಅಂತಲೇ ಹೇಳುತ್ತಾರೆ. ಇದರ ಮುಖ್ಯ ವಿಷ ಕೊನೈನ್ ಎಂಬ ಆಲ್ಕಲಾಯ್ಡ್. ನರದಿಂದ ಮಾಂಸಖಂಡಕ್ಕೆ ಹೋಗುವ ಆಜ್ಞೆಯನ್ನು ಅದು ನಡುದಾರಿಯಲ್ಲೇ ತಡೆಯುತ್ತದೆ. ಕಾಲು ಸೋಲುತ್ತದೆ, ಕೈ ಸೋಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯುಗಳು ಸೋಲುತ್ತವೆ. ಪ್ರತಿವಿಷ ಇಲ್ಲ. ವಿಷ ಇಳಿಯುವ ತನಕ ಯಂತ್ರದಿಂದ ಉಸಿರಾಡಿಸಿದರೆ ಬದುಕಿಸಬಹುದು. ಆಸ್ಪತ್ರೆಗೆ ಬೇಗ ಹೋಗಿ ಎನ್ನುವುದು ಅದಕ್ಕೇ.

1845ರಲ್ಲಿ ಎಡಿನ್‌ಬರೋ ನಗರದಲ್ಲಿ ನಡೆದದ್ದೊಂದನ್ನು ಹೇಳಬೇಕು. ಬಡ ದರ್ಜಿಯೊಬ್ಬನ ಮಕ್ಕಳು ಪಾರ್ಸ್ಲಿ ಎಂದುಕೊಂಡು ಹೊರಗಿನಿಂದ ಸೊಪ್ಪು ಕಿತ್ತು ತಂದರು. ಅಪ್ಪ ಅದನ್ನು ಬ್ರೆಡ್ಡಿನ ನಡುವೆ ಇಟ್ಟು ತಿಂದ. ಸ್ವಲ್ಪ ಹೊತ್ತಿಗೆ ಕಾಲು ತಡವರಿಸಿತು. ನೋಡಿದವರು ಕುಡಿದಿದ್ದಾನೆ ಅಂದುಕೊಂಡರು. ಕೆಲವೇ ಗಂಟೆಗಳಲ್ಲಿ ಸತ್ತ. ಕೊನೆಯವರೆಗೂ ಬುದ್ಧಿ ಸ್ಪಷ್ಟವಾಗಿತ್ತು. ಜಾನ್ ಹ್ಯೂಸ್ ಬೆನೆಟ್ ಎಂಬ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದ್ದರಿಂದ ನಮಗೆ ಗೊತ್ತಾಗಿದೆ. ತಂದವರು ಮಕ್ಕಳು, ಅದೂ ಪ್ರೀತಿಯಿಂದ. ಈ ಕಥೆ ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ಈಗ ನಿಮ್ಮ ಬೇಲಿಗೆ ಹೋಗೋಣ. ಗಿಡದ ಮೇಲ್ಭಾಗ ಬಿಡಿ, ಬಗ್ಗಿ ದಂಟಿನ ಬುಡ ನೋಡಿ. ಹೆಮ್ಲಾಕ್ ದಂಟು ಪೂರ್ತಿ ನುಣುಪು, ಒಂದು ರೋಮವೂ ಇರುವುದಿಲ್ಲ. ಅದರ ಮೇಲೆ ಶಾಯಿ ಚೆಲ್ಲಿದ ಹಾಗೆ ನೇರಳೆ ಮಚ್ಚೆ. ಕೌ ಪಾರ್ಸ್ಲಿಯ ದಂಟಿನಲ್ಲಿ ಉದ್ದುದ್ದ ಗೀರು, ಬುಡದಲ್ಲಿ ನವಿರು ರೋಮ. ಬಣ್ಣ ಹಸಿರು. ನೇರಳೆ ಬಂದರೂ ಮಚ್ಚೆಯಾಗಿ ಬರದೆ ಒಂದೇ ಸಮ ಹರಡಿರುತ್ತದೆ. ಒರಟು ಚರ್ವಿಲ್‌ದು ಚುಕ್ಕೆಯೂ ಉಂಟು, ಒರಟು ರೋಮವೂ ಉಂಟು. ಆದ್ದರಿಂದ ‘ಚುಕ್ಕೆ ಇದ್ದರೆ ಹೆಮ್ಲಾಕ್, ಇಲ್ಲದಿದ್ದರೆ ಅಲ್ಲ’ ಎನ್ನುವ ಸೂತ್ರ ಎರಡೂ ಕಡೆ ಕೈಕೊಡುತ್ತದೆ. ಚುಕ್ಕೆ ಇದ್ದೂ ಹೆಮ್ಲಾಕ್ ಅಲ್ಲದವು ಇವೆ. ಇನ್ನೂ ಚುಕ್ಕೆ ಮೂಡದ ಎಳೆ ಹೆಮ್ಲಾಕ್ ಕೂಡ ಇರುತ್ತದೆ. ಎರಡನೆಯದೇ ಜಾಸ್ತಿ ಅಪಾಯ. ಯಾಕೆಂದರೆ ಸೊಪ್ಪು ಕೀಳುವವರು ಕೀಳುವುದು ಎಳೆಯದನ್ನೇ ಅಲ್ವಾ?

ವಾಸನೆಯ ಮಾತು. ಹೆಮ್ಲಾಕ್ ಎಲೆ ಹಿಸುಕಿದರೆ ಇಲಿ ಓಡಾಡಿದ ಗೂಡಿನಂಥ ಕಮಟು. ಚರ್ವಿಲ್‌ಗೆ ಸೋಂಪು. ಕೇಳಲು ಸುಲಭ. ಆದರೆ ಎಲ್ಲರ ಮೂಗೂ ಒಂದೇ ಅಲ್ಲ. ಒಮ್ಮೆ ಚರ್ವಿಲ್ ಚಿವುಟಿದ ಬೆರಳಲ್ಲೇ ಬೇರೆ ಎಲೆ ಹಿಸುಕಿದರೆ ಸೋಂಪೇ ಬರುತ್ತದೆ. ಕೆಟ್ಟ ವಾಸನೆ ಬಂದರೆ ದೂರವಿರಲು ಅದು ಸಾಕು. ಒಳ್ಳೆಯ ವಾಸನೆ ಬಂತು ಎನ್ನುವುದು ಬಾಯಿಗಿಡಲು ಸಾಲದು.

ನನ್ನ ಮಟ್ಟಿಗೆ ಜಾಸ್ತಿ ನಂಬುವಂಥ ಗುರುತು ಕಾಯಿ. ಕುಂಡದ ಚರ್ವಿಲ್‌ನ ಕಾಯಿ ಸೂಜಿಯಂತೆ ಉದ್ದ, ಸುಮಾರು ಒಂದು ಸೆಂಟಿಮೀಟರ್, ತುದಿಯಲ್ಲಿ ಕೊಕ್ಕು. ಕೌ ಪಾರ್ಸ್ಲಿಯದ್ದೂ ಉದ್ದ, ನುಣುಪು, ಹಣ್ಣಾದಾಗ ಕಪ್ಪು ಕಂದು, ಕೊಕ್ಕು ತೀರ ಮೊಟಕು. ಹೆಮ್ಲಾಕ್‌ದು ಮೂರು ಮಿಲಿಮೀಟರ್‌ನ ಗುಂಡು ಕಾಯಿ, ಮೇಲೆ ಅಲೆ ಅಲೆಯಾದ ಏಣುಗಳು. ಒಂದು ಸಲ ಭೂತಗನ್ನಡಿ ಹಿಡಿದು ನೋಡಿದರೆ ಮತ್ತೆ ಮರೆಯುವುದಿಲ್ಲ. ತೊಂದರೆ ಏನೆಂದರೆ ಕಾಯಿ ಬರುವ ಹೊತ್ತಿಗೆ ಸೊಪ್ಪು ತಿನ್ನುವ ಕಾಲ ಕಳೆದಿರುತ್ತದೆ.

ಎತ್ತರವೂ ಒಂದು ಸುಳಿವು. ಹೆಮ್ಲಾಕ್ ಚೆನ್ನಾಗಿ ಬೆಳೆದರೆ ಎರಡು ಮೀಟರ್ ದಾಟುತ್ತದೆ. ಸೊಂಟದೆತ್ತರ ಅಂದರೆ ಏನನ್ನೂ ಖಾತ್ರಿಯಾಗಿ ಹೇಳಲಾಗದು.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಪಾರ್ಸ್ಲಿ ಸಾಲಿನ ಕಳೆ ತೆಗೆಯಲು ನನ್ನನ್ನು ಬಿಟ್ಟಿದ್ದರು. ಮೂರು ಸಾಲು ಮುಗಿಸಿದ ಮೇಲೆ ಹಿರಿಯ ತೋಟಗಾರರು ಬಂದು ನೋಡಿದರು. ನಾನು ಜೋಪಾನವಾಗಿ ಉಳಿಸಿದ್ದ ಗಿಡಗಳಲ್ಲಿ ಐದಾರು ಫೂಲ್ಸ್ ಪಾರ್ಸ್ಲಿ, ಅಂದರೆ ಪೆದ್ದರ ಪಾರ್ಸ್ಲಿ. ಹೆಸರು ಆ ದಿನ ನನಗೆ ಚೆನ್ನಾಗಿ ಹೊಂದಿತು. ಅದೂ ವಿಷದ ಕಳೆಯೇ. ಪಾತಿಯ ಒಳಗೇ ಹುಟ್ಟುವ ಪುಟ್ಟ ಜಾತಿ. ಹೂ ಬಂದ ಮೇಲೆ ಸುಲಭ. ಒಂದೊಂದು ಪುಟ್ಟ ಗೊಂಚಲಿನ ಕೆಳಗೂ ಮೂರು ನಾಲ್ಕು ಕಿರಿದಾದ ಎಲೆಗಳು ಗಡ್ಡದಂತೆ ಕೆಳಕ್ಕೆ ಜೋತುಬಿದ್ದಿರುತ್ತವೆ. ಹೂವಿಗೆ ಮುಂಚೆ ಮಾತ್ರ ಕಷ್ಟ. ಅವತ್ತಿನಿಂದ ನಾನು ಸಾಲಾಗಿ ಬಿತ್ತುವುದನ್ನು ಬಿಟ್ಟು ಎರಚಿ ಬಿತ್ತಿದವನಲ್ಲ. ಸಾಲಿನ ಮೇಲೆ ತೆಳುವಾಗಿ ಮರಳು ಉದುರಿಸುತ್ತೇನೆ. ಆ ಗೆರೆಯ ಆಚೆ ಮೊಳೆತದ್ದು ಎಷ್ಟೇ ಚರ್ವಿಲ್ ಹಾಗೆ ಕಂಡರೂ ಕಿತ್ತು ಬಿಸಾಡುತ್ತೇನೆ.

ಗೆಡ್ಡೆಯ ವಿಷಯ ಮುಂದೆ ಹೇಳುತ್ತೇನೆ ಎಂದೆನಲ್ಲ. ಈ ಕುಟುಂಬದ ಇನ್ನಿಬ್ಬರು ನೀರಿನ ಪಕ್ಕದವರು. ಒಂದು ವಾಟರ್ ಹೆಮ್ಲಾಕ್, ಇನ್ನೊಂದು ಹೆಮ್ಲಾಕ್ ವಾಟರ್ ಡ್ರಾಪ್‌ವರ್ಟ್. ಇವುಗಳ ವಿಷ ಸೆಳವು ತರಿಸುತ್ತದೆ. ಎರಡನೆಯದರ ಬೇರು ಗೊಂಚಲು ಗೊಂಚಲಾಗಿ, ತಿನ್ನುವ ಗೆಡ್ಡೆಯಂತೆಯೇ ಕಾಣುತ್ತದೆ. 2002ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಒಂದು ಘಟನೆ ವರದಿ ಮಾಡಿತ್ತು. ಸ್ಕಾಟ್ಲೆಂಡಿನ ಆರ್ಗೈಲ್‌ಗೆ ರಜೆಗೆ ಬಂದಿದ್ದ ಯುವಕ ಯುವತಿಯರು ಹೀಗೆ ಕಿತ್ತ ಬೇರನ್ನು ಕರಿಗೆ ಹಾಕಿ ತಿಂದಿದ್ದರು. ಕೆಲವರು ಆಸ್ಪತ್ರೆ ಸೇರಿದರು. ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವವರಿಗೆ ಇದನ್ನು ಹೇಳಿ. ‘ಮೇಕೆ ತಿನ್ನುತ್ತದೆ, ಹಾಗಾದರೆ ನಾವೂ ತಿನ್ನಬಹುದು’ ಎನ್ನುವ ಮಾತೂ ಇದೇ ಸಾಲಿನದ್ದು.

ಕೀಳುವುದೋ, ಬಿಡುವುದೋ

ಎಲ್ಲ ಕಿತ್ತು ಬಿಸಾಡಲೇ ಎಂದು ಕೇಳಿದ್ದೀರಿ. ಬೇಲಿಯದ್ದು ಕೌ ಪಾರ್ಸ್ಲಿ ಎಂದು ಖಾತ್ರಿಯಾದರೆ ಬಿಟ್ಟುಬಿಡಬಹುದು. ಅದರ ಹೂವಿಗೆ ಸಣ್ಣ ನೊಣ, ಜೀರುಂಡೆಗಳು ಮುತ್ತಿಕೊಳ್ಳುತ್ತವೆ, ಹಿತ್ತಿಲಿಗೆ ಒಳ್ಳೆಯದೇ. ಅದು ನಿಮ್ಮಲ್ಲಿ ಹೊರಗಿನಿಂದ ಬಂದ ಕಳೆಯಾಗಿದ್ದರೆ ಬೀಜ ಕಟ್ಟುವ ಮೊದಲೇ ಕತ್ತರಿಸಿ. ಹೆಮ್ಲಾಕ್ ಅಥವಾ ಒರಟು ಚರ್ವಿಲ್ ಆಗಿದ್ದರೆ, ಮನೆಯಲ್ಲಿ ಆರು ವರ್ಷದ ಹುಡುಗ ಇರುವಾಗ ನಾನಾದರೆ ತೆಗೆದೇ ತೆಗೆಯುತ್ತೇನೆ. ಯಾವುದು ಅಂತ ತಿಳಿಯದಿದ್ದರೂ ಹೆಮ್ಲಾಕ್ ಅಂತಲೇ ಲೆಕ್ಕ. ಹುಡುಗನಿಗೂ ಒಂದು ಮಾತು ಹೇಳಿಡಿ. ಹೆಮ್ಲಾಕ್‌ನ ಟೊಳ್ಳು ದಂಟನ್ನು ಪೀಪಿ ಮಾಡಿ ಊದಿದ ಮಕ್ಕಳಿಗೂ ವಿಷ ಏರಿದ ಉದಾಹರಣೆಗಳಿವೆ.

ತೆಗೆಯುವ ರೀತಿ ಮುಖ್ಯ. ಮಳೆ ಬಿದ್ದು ಮಣ್ಣು ಸಡಿಲವಾದಾಗ ಬುಡದ ಸುತ್ತ ಅಗೆದು ತಾಯಿಬೇರು ಸಮೇತ ಎತ್ತಿ. ಮೇಲೆ ಕತ್ತರಿಸಿ ಬಿಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗೆ ಗ್ಲೌಸ್, ತುಂಬುತೋಳಿನ ಅಂಗಿ ಇರಲಿ. ಹುಲ್ಲು ಕತ್ತರಿಸುವ ಮೋಟಾರ್ ಯಂತ್ರ ಮಾತ್ರ ಬೇಡ, ರಸ ಮುಖಕ್ಕೆ ಸಿಡಿಯುತ್ತದೆ. ಕಿತ್ತದ್ದನ್ನು ಸುಡಬೇಡಿ, ದನ ಮೇಕೆ ಬರುವ ಕಡೆ ಎಸೆಯಬೇಡಿ. ಒಣಗಿದ ದಂಟಿನಲ್ಲೂ ವಿಷ ಉಳಿದಿರುತ್ತದೆ. ಗೊಬ್ಬರದ ಗುಂಡಿಗೂ ಬೇಡ. ಚೀಲಕ್ಕೆ ಕಟ್ಟಿ ಕಸಕ್ಕೆ ಕೊಡಿ. ಮಣ್ಣಲ್ಲಿ ಹಳೆಯ ಬೀಜ ಉಳಿದಿರುವುದರಿಂದ ಎರಡು ಮೂರು ವರ್ಷ ಅದೇ ಜಾಗದ ಮೇಲೆ ಕಣ್ಣಿಟ್ಟಿರಿ.

ಎಲೆ ತಟ್ಟೆಯಷ್ಟು ದೊಡ್ಡದು, ದಂಟು ಮಣಿಕಟ್ಟಿನಷ್ಟು ದಪ್ಪ ಇದ್ದರೆ ಮುಟ್ಟಲೇಬೇಡಿ. ಅದು ಜಯಂಟ್ ಹಾಗ್‌ವೀಡ್ ಇರಬಹುದು. ಅದರ ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ನೀವು ಬರೆದ ಗುರುತುಗಳು ಅದರದ್ದಲ್ಲ, ಆದರೂ ಹೇಳಿದೆ.

ಮುಂದಿನ ಬಿತ್ತನೆ

ಕುಂಡದ ಹೂ ಬಿಟ್ಟ ಗಿಡಗಳಲ್ಲಿ ಎರಡನ್ನು ಬೀಜಕ್ಕೆ ಬಿಡಿ, ಉಳಿದವನ್ನು ತೆಗೆಯಿರಿ. ಚರ್ವಿಲ್ ಬೀಜದ ಜೀವ ಚಿಕ್ಕದು, ಒಂದು ವರ್ಷ ದಾಟಿದರೆ ಮೊಳೆಯುವುದು ತೀರ ಕಡಿಮೆ. ಹಳೆಯ ಪ್ಯಾಕೆಟ್ ತಂದು ‘ಮೊಳೆಯಲೇ ಇಲ್ಲ’ ಎನ್ನುವವರ ಕಥೆ ಹೆಚ್ಚಾಗಿ ಇದೇ. ಕಾಯಿ ಕಪ್ಪಾದ ಕೂಡಲೇ ಕಿತ್ತು, ಬಿಸಿಲು ತಗ್ಗಿದ ಮೇಲೆ ಅದೇ ಋತುವಿನಲ್ಲೇ ಬಿತ್ತಿ. ನನ್ನ ಅನುಭವದಲ್ಲಿ ಚಳಿಗೆ ಮುಂಚಿನ ಈ ಬಿತ್ತನೆಯೇ ವಸಂತದ್ದಕ್ಕಿಂತ ಒಳ್ಳೆಯದು. ಹಗಲು ಚಿಕ್ಕದಾಗುತ್ತಾ ಹೋಗುವುದರಿಂದ ಗಿಡಕ್ಕೆ ಹೂವಿನ ಅವಸರ ಇರುವುದಿಲ್ಲ. ತಾಯಿಬೇರಿನ ಗಿಡ, ಕಿತ್ತು ಬೇರೆಡೆ ನೆಟ್ಟರೆ ಸಿಟ್ಟಾಗಿ ದಂಟು ಎಬ್ಬಿಸುತ್ತದೆ. ಬೆಳೆಯುವ ಜಾಗದಲ್ಲೇ ಬಿತ್ತಿ. ಅರೆ ನೆರಳು, ಸದಾ ತುಸು ತೇವ. ಆರರಿಂದ ಎಂಟು ವಾರಕ್ಕೆ ಚಿವುಟಬಹುದು. ಮೂರು ವಾರಕ್ಕೊಮ್ಮೆ ಒಂದು ಹಿಡಿ ಬಿತ್ತುತ್ತಾ ಹೋದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಸಿದ್ಧ.

ಒಲೆಯ ಮೇಲೆ ಕುದಿಸಬೇಡಿ, ಇಳಿಸಿದ ಮೇಲೆ ಉದುರಿಸಿ. ಇದರ ಘಮದ ಎಣ್ಣೆ ಬಿಸಿಗೆ ಹಾರಿಹೋಗುತ್ತದೆ, ಒಣಗಿಸಿದರೂ ಅಷ್ಟೇ. ಆ ಎಣ್ಣೆಯ ಮುಖ್ಯ ಭಾಗ ಎಸ್ಟ್ರಾಗೋಲ್. ಟ್ಯಾರಗನ್‌ನಲ್ಲೂ ಅದೇ ಇದೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳಲ್ಲಿ ಯಕೃತ್ತಿನ (ಲಿವರ್) ಗಂಟು ಬಂದದ್ದು ಕಂಡುಬಂದಿದ್ದರಿಂದ ಯುರೋಪಿನ ಆಹಾರ ತಜ್ಞರು ಅದರ ಬಗ್ಗೆ ಎಚ್ಚರಿಕೆ ಹೇಳಿದ್ದಾರೆ. ಆಮ್ಲೆಟ್ ಮೇಲೆ ಉದುರಿಸುವ ಒಂದು ಚಿಟಿಕೆ ಸೊಪ್ಪಿಗೆ ಇದು ಅನ್ವಯಿಸುವ ಮಾತಲ್ಲ. ಸಾರ ತೆಗೆದ ಎಣ್ಣೆಯನ್ನು ‘ರಕ್ತ ಶುದ್ಧಿ’ಗೆ ಅಂತ ಹನಿ ಹನಿ ಕುಡಿಯುವವರಿಗೆ, ಮುಖ್ಯವಾಗಿ ಬಸುರಿಯರಿಗೆ ಮತ್ತು ಮಕ್ಕಳಿಗೆ, ಬೇಡ ಎನ್ನುತ್ತೇನೆ.

ಇಷ್ಟು ಮಾಡಿ. ಬೇಲಿಯ ಗಿಡಗಳನ್ನು ಈಗಲೇ ಕೀಳುವುದಾದರೆ, ಮೊದಲು ಚುಕ್ಕೆ ಇದ್ದ ಗಿಡದ ಫೋಟೋ ತೆಗೆದಿಡಿ. ದಂಟಿನ ಬುಡ ಹತ್ತಿರದಿಂದ ಒಂದು, ಗಿಣ್ಣಿನದು ಒಂದು, ಹೂಗೊಂಚಲನ್ನು ಕೆಳಗಿನಿಂದ ಒಂದು, ಎಳೆ ಕಾಯಿ ಕಟ್ಟಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು. ನನಗೆ ಕಳಿಸಿ. ಎಲೆಯ ಫೋಟೋ ಒಂದೇ ಕಳಿಸಿದರೆ ಮಾತ್ರ ನಾನೂ ನಿಮ್ಮಷ್ಟೇ ಗೊಂದಲದಲ್ಲಿರುತ್ತೇನೆ.